ಅಳಿಸದೆ ಉಳಿದ ಡಿಸ್ಕ್

ನಜೀಹಾ ಅರೂಸ್ ಹುಟ್ಟಿದ್ದು ಕೆರ್ಕೆನ್ನಾ ದ್ವೀಪದಲ್ಲಿ. ಅಪ್ಪ ಆಳವಿಲ್ಲದ ಕಡಲಿನಲ್ಲಿ ಖರ್ಜೂರದ ಗರಿ ನೆಟ್ಟು ಮೀನಿಗೆ ಬೇಲಿ ಕಟ್ಟುತ್ತಿದ್ದ. ಅವಳಿಗೆ ಏಳು ವರ್ಷವಿದ್ದಾಗ ಸೋದರಮಾವ ಮೀನಿಗೆ ಹೋದವನು ತಿರುಗಿ ಬರಲಿಲ್ಲ, ಹೆಣವೂ ಸಿಗಲಿಲ್ಲ. ಅಜ್ಜಿ ಸಾಯುವವರೆಗೂ ಅವನನ್ನು ಸತ್ತವನೆಂದು ಒಪ್ಪಲಿಲ್ಲ. ಯಾರಾದರೂ ಸತ್ತವರಿಗಾಗಿ ಫಾತಿಹಾ ಪ್ರಾರ್ಥನೆ ಓದಲು ಕೈಯೆತ್ತಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು.

ನಜೀಹಾ ದ್ವೀಪದ ಎದುರು ದಂಡೆಯ ಸ್ಫಾಕ್ಸ್ ನಗರದಲ್ಲಿ ಕಂಪ್ಯೂಟರ್ ಓದಿ, ದಕ್ಷಿಣದ ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಮದುವೆಯಾದಳು, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದಳು, ಗಂಡನನ್ನು ಕಳೆದುಕೊಂಡಳು. ಇಪ್ಪತ್ತಾರು ವರ್ಷ ಅದೇ ನೆಲಮಾಳಿಗೆ, ಅದೇ ಕೊರೆಯುವ ಏಸಿ. ಸರ್ವರ್ ಕೆಟ್ಟರೆ ಮಾತ್ರ ಮೇಲಿನವರಿಗೆ ಅವಳ ಹೆಸರು ನೆನಪಾಗುತ್ತಿತ್ತು.

ಆ ಬೇಸಿಗೆಯಲ್ಲಿ ಹೊಸ ಸರ್ವರ್ ಬಂತು. ಹಳೆಯದರೊಳಗೆ ನಲವತ್ತೊಂದು ವರ್ಚುವಲ್ ಮೆಷಿನ್‌ಗಳು, ಒಂದೇ ಕಟ್ಟಡದ ಬೇರೆ ಬೇರೆ ಬಿಡಾರಗಳ ಹಾಗೆ. ಪ್ರತಿಯೊಂದಕ್ಕೂ ತನ್ನದೇ ಡಿಸ್ಕ್. ಬೇಕಾದುದೆಲ್ಲ ಹೊಸದಕ್ಕೆ ಹೋಗಿಯಾಗಿತ್ತು. ಆ ಹಳೆಯ ಮೆಷಿನ್‌ಗಳಿಂದ ಡಿಸ್ಕುಗಳನ್ನು ಒಂದೊಂದಾಗಿ ಕಳಚಲು ಅವಳು ಕಂಪ್ಯೂಟರಿಗೆ ಆಜ್ಞೆ ಕೊಡುವ ಒಂದು ಸ್ಕ್ರಿಪ್ಟ್ ಬರೆದಳು. ಆ ಆಜ್ಞೆಗೆ ಎರಡು ರೂಪ. ಸುಮ್ಮನೆ ಕಳಚಿದರೆ ಡಿಸ್ಕ್ ಮೆಷಿನ್ನಿನಿಂದ ಬೇರೆಯಾಗಿ ತನ್ನ ಪಾಡಿಗೆ ಉಳಿಯುತ್ತದೆ. ಕೊನೆಗೆ ಇನ್ನೊಂದು ಪದ ಸೇರಿಸಿದರೆ ಶಾಶ್ವತವಾಗಿ ಅಳಿಯುತ್ತದೆ. ಆ ಪದ ಸೇರಿಸಬೇಕೆಂದೇ ಮೇಲಿನಿಂದ ಅಪ್ಪಣೆ ಬಂದಿತ್ತು.

ಮೊದಲ ಸುತ್ತಿನಲ್ಲಿ ಅವಳು ಬರೀ ಕಳಚಿದಳು. ಪಟ್ಟಿಯಲ್ಲಿ ಒಂದು ಮೆಷಿನ್ ಯಾವ ವಿಭಾಗದ್ದೂ ಅಲ್ಲ, ಐದು ವರ್ಷದಿಂದ ಆಫ್ ಮಾಡಿಟ್ಟದ್ದು. ಅದರ ಡಿಸ್ಕನ್ನು ಇನ್ನೊಂದು ಮೆಷಿನ್ನಿಗೆ ಜೋಡಿಸಿ ತೆರೆದು ನೋಡಿದಳು.

ಒಳಗೆ ಮುನ್ನೂರ ಹನ್ನೊಂದು ಫೋಲ್ಡರುಗಳು. ಒಂದೊಂದಕ್ಕೂ ಒಂದು ಸಂಖ್ಯೆ, ತಾರೀಖು, ಕಡಲತೀರದ ಹೆಸರು. ತೆರೆದರೆ ಫೋಟೊಗಳು: ನಿಂತುಹೋದ ಕೈಗಡಿಯಾರ, ಬೆಲ್ಟಿನ ಕೊಂಡಿ, ತಾಯಿತ, ಪ್ಯಾಂಟಿನ ಸೊಂಟಪಟ್ಟಿಯ ಒಳಗೆ ಪೆನ್ನಿನಲ್ಲಿ ಬರೆದ ಅರ್ಧ ಅಳಿಸಿದ ಫೋನ್ ನಂಬರು. ಇಟಲಿಗೆಂದು ದೋಣಿ ಹತ್ತಿ ಮುಳುಗಿದವರ ಹೆಣಗಳು ಈ ಆಸ್ಪತ್ರೆಯ ಶವಾಗಾರಕ್ಕೇ ಬರುತ್ತಿದ್ದವು. ಅಲ್ಲಿ ಗುಮಾಸ್ತನಾಗಿದ್ದ ಬೂರಾವಿ, ಯಾರೂ ಹೇಳದೆ, ತನ್ನಷ್ಟಕ್ಕೆ ತಾನು ಇದನ್ನೆಲ್ಲ ಕೂಡಿಟ್ಟಿದ್ದ. ಕೊರೋನಾ ವರ್ಷ ಅವನೂ ತೀರಿಕೊಂಡ. ನಜೀಹಾ ಒಂದಾದ ಮೇಲೊಂದು ಫೋಲ್ಡರ್ ತೆರೆಯುತ್ತ ಹೋದಳು. ಅವಳಿಗೆ ಅಜ್ಜಿ ಬಾಗಿಲು ದಾಟಿ ಹೋಗುತ್ತಿದ್ದ ಬಗೆ ಕಣ್ಣಿಗೆ ಕಟ್ಟಿತು.

ಅವಳ ವಿಭಾಗದ ಮುಖ್ಯಸ್ಥ ಲಮೀನ್ ಕಾಫಿ ಕಪ್ ಹಿಡಿದುಕೊಂಡೇ ಬಂದ.

"ಇನ್ನೂ ಮುಗಿದಿಲ್ವಾ ಮದಾಮ್? ಒಂದು ಪದ ಸೇರ್ಸೋಕೆ ಎಷ್ಟು ದಿನ ಬೇಕು?"

"ಇದನ್ನ ಒಂದ್ಸಲ ನೋಡಿ ಲಮೀನ್ ಅವರೇ."

ಅವನು ನಾಲ್ಕು ಫೋಟೊ ನೋಡಿದ. ಐದನೆಯದಕ್ಕೆ ಮುಖ ತಿರುಗಿಸಿದ.

"ಇಷ್ಟು ವರ್ಷ ಯಾರಾದ್ರೂ ಕೇಳ್ಕೊಂಡು ಬಂದಿದಾರಾ?"

"ಇದು ಇಲ್ಲಿದೆ ಅಂತ ಗೊತ್ತಿದ್ರೆ ತಾನೇ ಬರೋದು?"

"ತನಿಖೆ ಗಿನಿಖೆ ಅಂತ ಬಂದ್ರೆ ನನ್ ಹೆಸರು ಎಲ್ಲೂ ಬರಬಾರ್ದು."

"ನಂದೇ ಬರೀತೀನಿ ಬಿಡಿ."

ಬರೆದಳು. ನಲವತ್ತು ಅಳಿಸಲಾಗಿದೆ, ಒಂದನ್ನು ಕಳಚಿ ಇರಿಸಲಾಗಿದೆ, ಜವಾಬ್ದಾರಿ ನನ್ನದು ಎಂದು ಸಹಿ ಹಾಕಿದಳು. ಆಮೇಲೆ ಕಾಣೆಯಾದವರ ಮನೆಯವರು ಕಟ್ಟಿಕೊಂಡ ಸಂಘಕ್ಕೆ ಪತ್ರ ಹಾಕಿದಳು. ಅದಕ್ಕೆ ಅವಳಿಗೆ ಸಿಕ್ಕಿದ್ದು ಒಂದು ನೋಟೀಸು, ಎರಡು ತಿಂಗಳ ಅಮಾನತು. ಅವಳು ಯಾರ ಹತ್ತಿರವೂ ಗೋಗರೆಯಲಿಲ್ಲ. ದ್ವೀಪಕ್ಕೆ ಹೋಗಿ ತಮ್ಮನ ಮನೆಯಲ್ಲಿದ್ದು ಬಂದಳು.

ಅವಳು ಕೆಲಸಕ್ಕೆ ಮರಳಿದ ವಾರವೇ ಒಳನಾಡಿನ ಕಸ್ಸರೀನ್ ಊರಿನಿಂದ ದೊರ್ರಾ ಎಂಬ ಹೆಂಗಸು ಬಂದಳು. ಬಟ್ಟೆ ಹೊಲಿಯುವವಳು. ಅವಳ ತಮ್ಮ ದೋಣಿ ಹತ್ತಿ ಹೋಗಿ ಎಂಟು ವರ್ಷವಾಗಿತ್ತು. ಇಬ್ಬರೂ ಅಕ್ಕಪಕ್ಕ ಕೂತು ಒಂದೊಂದೇ ಫೋಲ್ಡರ್ ತೆರೆದರು. ಎಂಬತ್ತೇಳನೆಯದರಲ್ಲಿ ಒಂದು ಬೂದು ಪ್ಯಾಂಟು, ಅದರ ಗುಂಡಿಗೆ ಕೆಂಪು ದಾರ.

ದೊರ್ರಾ ಬೆರಳನ್ನು ಪರದೆಗೆ ಒತ್ತಿದಳು.

"ನಾನೇ ಹಾಕಿದ್ದು ಅಕ್ಕಾ. ಕಪ್ಪು ದಾರ ಮುಗಿದೋಗಿತ್ತು. ಕೆಂಪು ಹಾಕ್ದೆ ಅಂತ ಬೈದಿದ್ದ, ಹುಡುಗ್ರು ನಗ್ತಾರೆ ಅಂತ."

ನಜೀಹಾ ಅವಳ ಬೆನ್ನ ಮೇಲೆ ಕೈ ಇಟ್ಟಳು. ದೊರ್ರಾ ಕೇಳಿದಳು, "ಎಲ್ಲಿ ಮಲಗ್ಸಿದಾರೆ ಅಂತ ಬರೆದಿದಾರಾ?"

ಬೂರಾವಿ ಅದನ್ನೂ ಬರೆದಿಟ್ಟಿದ್ದ.

ಮರುದಿನ ಇಬ್ಬರೂ ಊರಾಚೆಯ ಗೋರಿಗಳ ಹತ್ತಿರ ಹೋದರು. ಸಂಖ್ಯೆ ಮಾಸಿದ ಕಲ್ಲನ್ನು ಹುಡುಕಿದರು. ದೊರ್ರಾ ಮೊದಲು ಕಳೆ ಕಿತ್ತಳು, ನೀರು ಹಾಕಿ ಕಲ್ಲು ತೊಳೆದಳು, ಆಮೇಲೆ ಅತ್ತಳು. ಇಬ್ಬರೂ ಕೈಯೆತ್ತಿ ಫಾತಿಹಾ ಓದಿದರು. ದೊರ್ರಾ ಸಂಜೆಯ ಬಸ್ಸಿಗೆ ಊರಿಗೆ ಹೊರಟಳು. ತಾಯಿಗೆ ಫೋನಿನಲ್ಲಿ ಹೇಳುವ ಮಾತಲ್ಲ ಇದು, ಎದುರಿಗೆ ಕೂತೇ ಹೇಳಬೇಕು ಅಂದಳು.

ನಜೀಹಾ ನಿವೃತ್ತಳಾಗುವ ಹೊತ್ತಿಗೆ ಇಪ್ಪತ್ತಮೂರು ಗೋರಿಗಳಿಗೆ ಹೆಸರು ಬಂದಿತ್ತು. ಮಿಕ್ಕ ಫೋಲ್ಡರುಗಳು ಸಂಘದ ಬಳಿ ಇವೆ. ತಿಂಗಳಿಗೊಬ್ಬರೋ ಇಬ್ಬರೋ ಬಂದು ನೋಡಿಕೊಂಡು ಹೋಗುತ್ತಾರೆ, ಹೆಚ್ಚಿನವರು ಬರಿಗೈಯಲ್ಲಿ.