ದೊಡ್ಡ ಎಂಜಿನ್ನಿಗೆ ಹಳೇ ಗೇರು

ಲೇತ್ ಕೆಲಸದ ಆ ಮನುಷ್ಯನನ್ನು ಬೀದಿಯವರೆಲ್ಲ ಕೂದಲೆಳೆ ಎಂದೇ ಕರೆಯುತ್ತಿದ್ದರು. ಯಾವ ಸಾಮಾನು ಕೊಟ್ಟರೂ ಅಳತೆ ಹಿಡಿದು, ಒಂದು ಕೂದಲೆಳೆ ಜಾಸ್ತಿ ಇದೆ ಎನ್ನದೆ ಅವನು ಬಿಡುತ್ತಿರಲಿಲ್ಲ. ಮೂವತ್ತು ತುಂಬುವ ಮೊದಲೇ ತಲೆ ಬೋಳಾಗಿದ್ದರಿಂದ ಹೆಸರು ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡಿತು.

ಮನೆಯಲ್ಲೂ ಅವನು ಹಾಗೆಯೇ. ಗೋಡೆಗೆ ಫೋಟೋ ತೂಗುಹಾಕಬೇಕೆಂದರೆ ರಸಮಟ್ಟ ಬರಬೇಕು. ಮದುವೆಗೆ ಮುಂಚೆ ನನ್ನನ್ನೂ ಹೀಗೇ ಅಳೆದು ನೋಡಿದಿರಾ ಎಂದು ಹೆಂಡತಿ ಒಮ್ಮೆ ಕೆಣಕಿದಾಗ, ಇಲ್ಲ, ಅದೊಂದು ಮಾತ್ರ ಅಂದಾಜಿನ ಮೇಲೆ ಮಾಡಿದ್ದು ಎಂದು ಗಂಭೀರವಾಗಿ ಉತ್ತರ ಕೊಟ್ಟಿದ್ದ. ಅವಳು ಎರಡು ದಿನ ಅದನ್ನೇ ನೆನೆಸಿಕೊಂಡು ನಕ್ಕಿದ್ದಳು.

ಅವನ ಅತ್ತೆ ಮೂವತ್ತನಾಲ್ಕು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಈಗ ಎಪ್ಪತ್ತೊಂದು. ಅಷ್ಟೂ ವರ್ಷ ಅವರನ್ನು ಹೊತ್ತು ತಿರುಗಿದ್ದು ತಿಳಿನೀಲಿ ಬಣ್ಣದ ಒಂದೇ ಕಾರು. ಅದರ ಗೇರಿನ ಕಡ್ಡಿ ಇಂದಿನ ಕಾರುಗಳಂತೆ ಎರಡು ಸೀಟುಗಳ ನಡುವೆ ಇರಲಿಲ್ಲ, ಸ್ಟೇರಿಂಗಿನ ಪಕ್ಕದಲ್ಲಿತ್ತು. ಅತ್ತೆಯ ಮನೆ ನೀರಿನ ಟ್ಯಾಂಕಿನ ದಿಣ್ಣೆಯ ನೆತ್ತಿಯಲ್ಲಿತ್ತು. ಒಂದು ದಿನ ಮೂವರು ಗೆಳತಿಯರನ್ನು ಕೂರಿಸಿಕೊಂಡು ಆ ಏರು ಹತ್ತುವಾಗ ಸಾವಿರದ ಇನ್ನೂರು ಸಿಸಿಯ ಹಳೇ ಎಂಜಿನ್ನು ಢಮ್ಮೆಂದಿತು. ಬಿಚ್ಚಿ ನೋಡಿದರೆ ಎಂಜಿನ್ನಿನ ಒಡಲಾದ ಬ್ಲಾಕೇ ಸೀಳಿಹೋಗಿತ್ತು. ಗೆಳತಿಯರು ಉಳಿದ ದಾರಿಯನ್ನು ಏದುಸಿರು ಬಿಡುತ್ತ ನಡೆದು ಹತ್ತಿದರು.

ಕುರ್ಚಿ ಮೇಜಿನ ಅಂಗಡಿ ಇಟ್ಟಿದ್ದ ಅತ್ತೆಯ ಮಗನಿಗೆ, ಅಂದರೆ ಭಾವನಿಗೆ, ಇದೇ ಒಳ್ಳೆಯ ಸಮಯ ಎನಿಸಿತು. ಹಳೆಯ ಕಾರುಗಳನ್ನು ಕೂಡಿಡುವ ಒಬ್ಬರನ್ನು ಹುಡುಕಿ ಮಾತಾಡಿಯೂ ಬಿಟ್ಟ. ಅಮ್ಮನಿಗೆ ತಾನೇ ಗೇರಿಲ್ಲದ ಹೊಸ ಕಾರು ಕೊಡಿಸುತ್ತೇನೆ, ಮಂಡಿ ನೋವಿಗೂ ಒಳ್ಳೆಯದು ಎಂದ. ಅವನ ಮನಸ್ಸಿನಲ್ಲಿ ಕೇಡೇನೂ ಇರಲಿಲ್ಲ. ಆದರೆ ಅತ್ತೆ ಆ ಸಂಜೆಯೇ ಅಳಿಯನ ಶೆಡ್ಡಿಗೆ ಬಂದು ಲೇತಿನ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಅಳಿಯಂದ್ರೇ, ಎಂಜಿನ್ನು ನಿಮಗೆ ಯಾವ್ದು ಸರಿ ಅನ್ಸುತ್ತೋ ಅದನ್ನ ಹಾಕಿ. ಗೇರು ಮಾತ್ರ ಮುಟ್ಬೇಡಿ. ಆ ಕಡ್ಡಿ ನನ್ನ ಕೈಗೆ ಗೊತ್ತು, ನನ್ನ ಕೈ ಅದಕ್ಕೆ ಗೊತ್ತು."

ಕೊನೆಗೆ ತಾಯಿ ಮಗನ ನಡುವೆ ಒಂದು ಒಪ್ಪಂದವಾಯಿತು. ಕೊಳ್ಳುವವರು ಬರುವುದು ಆರು ವಾರದ ನಂತರದ ಭಾನುವಾರ ಮಧ್ಯಾಹ್ನ. ಅಂದು ಬೆಳಿಗ್ಗೆ ಕಾರು ನಾಲ್ಕು ಜನರನ್ನು ಕೂರಿಸಿಕೊಂಡು ದಿಣ್ಣೆ ಹತ್ತಿ ಮನೆಯ ಗೇಟು ಮುಟ್ಟಿದರೆ ಅದು ಅತ್ತೆಯ ಬಳಿಯೇ ಉಳಿಯಬೇಕು. ಮುಟ್ಟದಿದ್ದರೆ ಅವರು ತಕರಾರಿಲ್ಲದೆ ಕೀಲಿ ಒಪ್ಪಿಸಬೇಕು. ನಾಲ್ಕರಲ್ಲಿ ನಾನೂ ಒಬ್ಬ ಎಂದು ಭಾವ ಹೇಳಿದಾಗ ಎಲ್ಲರ ಕಣ್ಣೂ ಅವನ ಹೊಟ್ಟೆಯ ಕಡೆ ಹೋಯಿತು. ಅವನೊಬ್ಬನೇ ನೂರಾ ಎಂಟು ಕಿಲೋ.

ಅಪಘಾತದಲ್ಲಿ ಹಿಂಬದಿ ಜಜ್ಜಿಹೋಗಿದ್ದ ಒಂದು ವ್ಯಾನಿನಿಂದ ಸಾವಿರದ ಎಂಟುನೂರು ಸಿಸಿಯ ಎಂಜಿನ್ನು ಸಿಕ್ಕಿತು. ಆದರೆ ಅದರ ಬೆನ್ನಿನ ಬೋಲ್ಟು ತೂತುಗಳಿಗೂ ಹಳೇ ಗೇರ್‌ಬಾಕ್ಸಿನ ತೂತುಗಳಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಕೂದಲೆಳೆಗೆ ಅದರಿಂದ ಬೇಸರವಾಗಲಿಲ್ಲ, ಒಳಗೊಳಗೇ ಖುಷಿಯಾಯಿತು. ಎರಡರ ನಡುವೆ ಕೂರಲು ಹದಿನೆಂಟು ಮಿಲಿಮೀಟರ್ ದಪ್ಪದ ಉಕ್ಕಿನ ಪ್ಲೇಟು ಕೊರೆದ. ಪ್ಲೇಟಿನ ದಪ್ಪದಷ್ಟು ಗೇರ್‌ಬಾಕ್ಸು ಹಿಂದೆ ಸರಿದದ್ದರಿಂದ ಅದರ ಶಾಫ್ಟಿನ ತುದಿಗೆ ಆಸರೆಯಾಗಲು ಉದ್ದನೆಯ ಹಿತ್ತಾಳೆ ಬುಷ್ಷು ಮಾಡಿದ. ಹಳೇ ಶಾಫ್ಟಿಗೆ ಹೊಂದಲೆಂದು ಹೊಸ ಕ್ಲಚ್ ಪ್ಲೇಟಿನ ನಡುಭಾಗ ತೆಗೆದು ಹಳೆಯದರ ನಡುಭಾಗ ರಿವೆಟ್ ಹೊಡೆದ. ಹಳೇ ಗೇರಿನ ಹಲ್ಲುಗಳಿಗೆ ಇಷ್ಟು ಶಕ್ತಿ ಅಭ್ಯಾಸವಿಲ್ಲವೆಂದು ಆಕ್ಸಿಲರೇಟರಿನ ಅಡಿಯಲ್ಲಿ ಒಂದು ತಡೆ ಇಟ್ಟು, ಅದು ಮುಕ್ಕಾಲು ಭಾಗ ಮಾತ್ರ ಕೆಳಗೆ ಹೋಗುವಂತೆ ಮಾಡಿದ. ಪ್ರತಿ ಅಳತೆಯನ್ನೂ ಎರಡೆರಡು ಸಲ ಬರೆದಿಟ್ಟ. ಹೆಂಡತಿ ಊಟ ತಂದು ಮೇಜಿನ ಮೇಲಿಟ್ಟರೆ ಡಬ್ಬಿಯನ್ನೂ ಅಳೆಯುತ್ತಾನೇನೋ ಎಂದು ಕಾದು ನಿಲ್ಲುತ್ತಿದ್ದಳು.

ಐದನೆಯ ವಾರದ ಕೊನೆಗೆ ಎಂಜಿನ್ನು ಗುರುಗುಟ್ಟಿತು. ಅತ್ತೆ ಬೀದಿಯಲ್ಲಿ ಎರಡು ಸುತ್ತು ಹಾಕಿ ಬಂದು ಇಳಿದರು. ಅಳಿಯ ಹೊಗಳಿಕೆಗೆ ಕಾಯುತ್ತಿದ್ದ. ಅವರು ಎಡಗೈಯನ್ನು ಒಮ್ಮೆ ಮಡಚಿ ಬಿಡಿಸಿದರು. ಎರಡನೇ ಗೇರಿಗೆ ಹಾಕುವಾಗ ಕಡ್ಡಿ ನಡುಗುತ್ತದೆ, ಕ್ಲಚ್ ಬಿಡುವಾಗ ಗಾಡಿ ಅದುರುತ್ತದೆ ಎಂದರು.

ಅವನು ಪುಸ್ತಕ ತಂದು ಅಳತೆಗಳನ್ನು ಒಂದೊಂದಾಗಿ ಓದಿ ಹೇಳಿದ. ಎಲ್ಲವೂ ಸರಿ ಇತ್ತು. ಹೊಸತು, ನಾಲ್ಕು ದಿನ ಓಡಿದರೆ ಹೊಂದಿಕೊಳ್ಳುತ್ತದೆ ಎಂದ. ಅತ್ತೆ ಕೊನೆಯ ಸಾಲಿನವರೆಗೂ ತಾಳ್ಮೆಯಿಂದ ಕೇಳಿಸಿಕೊಂಡರು.

"ನಿಮ್ಮ ಪುಸ್ತಕ ಸರಿಯಾಗೇ ಇರ್ಬೋದು. ಹೊಟ್ಟೆ ಮೇಲೆ ಕೈಯಿಟ್ಟು ಮಗು ಯಾವ ಕಡೆ ತಿರುಗಿದೆ ಅಂತ ಹೇಳ್ತಿದ್ದ ಕೈ ಇದು. ಏನೋ ಒಂದು ಪಕ್ಕಕ್ಕೆ ಕೂತಿದೆ, ನೋಡಿ."

ಅವನಿಗೆ ಸ್ವಲ್ಪ ಚುಚ್ಚಿತು. ಇಪ್ಪತ್ತೈದು ವರ್ಷದ ಲೇತ್ ಕೆಲಸದಲ್ಲಿ ಅವನ ಅಳತೆಯನ್ನು ಯಾರೂ ಅನುಮಾನಿಸಿದ್ದಿಲ್ಲ. ಆದರೂ ಗುರುವಾರ ಬೆಳಿಗ್ಗೆ ಗೇರ್‌ಬಾಕ್ಸನ್ನು ಮತ್ತೆ ಇಳಿಸಿದ. ಪ್ಲೇಟು ಬಿಚ್ಚಿ ಮೇಜಿನ ಮೇಲಿಟ್ಟು ಅಳೆದ. ಒಂದೂ ತಪ್ಪಿಲ್ಲ. ಮತ್ತೆ ಅಳೆದ. ಆಗಲೂ ಇಲ್ಲ. ಮೂರನೆಯ ಸಲಕ್ಕೆ ಕೈ ಹಾಕಿದವನು ಹಾಗೇ ನಿಂತುಬಿಟ್ಟ. ಇಷ್ಟು ದಿನವೂ ತಾನು ಅಳೆದದ್ದೆಲ್ಲ ಮೇಜಿನ ಮೇಲೆ. ಪ್ಲೇಟು ಕೂರುವುದು ಎಂಜಿನ್ನಿನ ಮೇಲೆ, ಅಲ್ಲಿ ಒಂದು ಸಲವೂ ಅಳೆದಿರಲಿಲ್ಲ.

ಪ್ಲೇಟನ್ನು ಎಂಜಿನ್ನಿಗೆ ಬಿಗಿದು, ಎಂಜಿನ್ನಿನ ಬೆನ್ನಿನ ಚಕ್ರವಾದ ಫ್ಲೈವೀಲಿಗೆ ಮುಳ್ಳಿನ ಡಯಲ್ ಗೇಜು ಕೂರಿಸಿ, ಗೇರ್‌ಬಾಕ್ಸು ಕೂರುವ ದುಂಡು ತೂತಿನ ಅಂಚಿಗೆ ಅದರ ಮೂತಿ ತಾಗಿಸಿ, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿದ. ಒಂದು ಸುತ್ತಿಗೆ ಮುಳ್ಳು ಎಪ್ಪತ್ತು ಗೆರೆ ಓಡಾಡಿತು. ಅದರ ಅರ್ಧ, ಮಿಲಿಮೀಟರಿನ ನೂರರಲ್ಲಿ ಮೂವತ್ತೈದು ಭಾಗ, ನಡುಬಿಂದು ಪಕ್ಕಕ್ಕೆ ಸರಿದಿತ್ತು. ಅವನು ಬೋಲ್ಟಿನ ತೂತುಗಳನ್ನು ನಂಬಿ ನಡುವನ್ನು ಹಿಡಿದಿದ್ದ. ತೂತುಗಳೋ ಬೋಲ್ಟಿಗಿಂತ ತುಸು ಸಡಿಲ, ಎಂಜಿನ್ನಿನ ನಿಜವಾದ ನಡು ಅವುಗಳಿಗೆ ಗೊತ್ತೇ ಇರುವುದಿಲ್ಲ.

ಐದು ಕೂದಲಿನ ದಪ್ಪ ಎಂದು ಲೆಕ್ಕ ಹಾಕಿ ಒಬ್ಬನೇ ಗಟ್ಟಿಯಾಗಿ ನಕ್ಕ. ಒಳಗೆ ಓಡಿಬಂದ ಹೆಂಡತಿಗೆ, "ಎಪ್ಪತ್ತು ಗೆರೆ ಕಣೇ. ನಿಮ್ಮಮ್ಮನ ಕೈಗೆ ಸಿಕ್ಕಿದ್ದು ನನ್ನ ಮೇಜಿಗೆ ಸಿಕ್ಕಲಿಲ್ಲ" ಎಂದ. ಅಮ್ಮನ ಕೈಗೆ ನಾನೂ ಚಿಕ್ಕವಳಿದ್ದಾಗ ಬಹಳ ಸಲ ಸಿಕ್ಕಿದ್ದೇನೆ ಎಂದು ಅವಳು ಹೇಳಿದಳು.

ಪ್ಲೇಟನ್ನು ಸರಿಯಾದ ನಡುವಿಗೆ ತಳ್ಳಿ ಹಿಡಿಯಲು, ಒಂದು ತುದಿ ತುಸು ಪಕ್ಕಕ್ಕೆ ಸರಿದ ಎರಡು ಪಿನ್ನುಗಳನ್ನು ಲೇತಿನಲ್ಲಿ ತಿರುಗಿಸಿ ಮಾಡಿ, ಬೋಲ್ಟು ತೂತುಗಳನ್ನು ಸ್ವಲ್ಪ ಅಗಲಿಸಿ, ಪ್ಲೇಟನ್ನು ಅವನು ಮತ್ತೆ ಕೂರಿಸಿದ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಮುಳ್ಳು ನಾಲ್ಕು ಗೆರೆಯೊಳಗೆ ನಿಂತಿತು. ಅತ್ತೆ ಒಂದು ಸುತ್ತು ಹೋಗಿಬಂದರು. ಅವನ ಬೋಳುತಲೆಯನ್ನು ಒಮ್ಮೆ ಸವರಿ ಮನೆಗೆ ಹೋದರು.

ಭಾನುವಾರ ಬೆಳಿಗ್ಗೆ ಅತ್ತೆ ಸ್ಟೇರಿಂಗಿಗೆ, ಭಾವ ಮುಂದೆ, ಗಂಡ ಹೆಂಡತಿ ಹಿಂದೆ ಕೂತರು. ಮೊದಲ ಅರ್ಧ ಏರು ಸಲೀಸಾಗಿ ಸರಿಯಿತು. ಕಡಿದಾದ ತಿರುವಿನಲ್ಲಿ ಒಂದು ನೀರಿನ ಲಾರಿ ಹಿಂದಕ್ಕೂ ಮುಂದಕ್ಕೂ ಆಡುತ್ತ ರಸ್ತೆಗೆ ಅಡ್ಡ ನಿಂತಿತ್ತು. ಅತ್ತೆ ಬ್ರೇಕು ಹಾಕಲೇಬೇಕಾಯಿತು. ಇಂಥ ಏರಿನಲ್ಲಿ, ಇಷ್ಟು ಭಾರದಲ್ಲಿ, ನಿಂತಲ್ಲಿಂದ ಹೊರಡುವುದು ಒಪ್ಪಂದದಲ್ಲಿ ಇರಲೇ ಇಲ್ಲ.

"ನಾನು ಬೇಕಾದ್ರೆ ಇಳೀತೀನಮ್ಮ," ಎಂದ ಭಾವ. ದನಿಯಲ್ಲಿ ಕುಹಕವಿರಲಿಲ್ಲ, ನಿಜಕ್ಕೂ ಹೆದರಿದ್ದ.

"ಕೂತ್ಕೋ. ನೀನು ಇಳಿದ್ರೆ ಅದು ಗೆದ್ದ ಹಾಗಲ್ಲ."

ಲಾರಿ ಸರಿಯಿತು. ಅತ್ತೆ ಕಡ್ಡಿಯನ್ನು ಒಂದನೇ ಗೇರಿಗೆ ಎಳೆದು ಕ್ಲಚ್ಚನ್ನು ಉಸಿರು ಬಿಟ್ಟಷ್ಟು ಮೆಲ್ಲಗೆ ಬಿಟ್ಟರು. ಕೂದಲೆಳೆ ಅದುರಿಗಾಗಿ ಕಾದ. ಅದುರು ಬರಲಿಲ್ಲ. ಕಾರು ಒಂದಿಷ್ಟೂ ಹಿಂದೆ ಜಾರದೆ, ಹಾಲು ಕುಡಿದ ಮಗುವಿನಂತೆ ಸಮಾಧಾನವಾಗಿ ಮೇಲೆ ಹೊರಟಿತು. ಎರಡನೇ ಗೇರು ಬಿದ್ದದ್ದು ಯಾರಿಗೂ ಗೊತ್ತೇ ಆಗಲಿಲ್ಲ, ಅತ್ತೆಯ ಮುಖದ ನಗುವಿನಿಂದ ತಿಳಿಯಬೇಕಾಯಿತು.

ಗೇಟಿನ ಮುಂದೆ ಕಾರು ಒಂದು ಕ್ಷಣ ನಿಂತಿತು. ಇಳಿಯಲೆಂದು ಭಾವ ಬಾಗಿಲಿಗೆ ಕೈ ಹಾಕಿದ. ಅಷ್ಟರಲ್ಲಿ ಅತ್ತೆ ಸ್ಟೇರಿಂಗು ತಿರುಗಿಸಿ ಮತ್ತೆ ಇಳಿಜಾರಿನ ಕಡೆ ಹೊರಳಿದ್ದರು. ಯಾಕೆಂದು ಮಗ ಕೇಳಿದ್ದಕ್ಕೆ, ಇನ್ನೊಂದು ಸಲ ಹತ್ತಬೇಕು ಎಂದರು. ಮಗಳು ಚಪ್ಪಾಳೆ ತಟ್ಟಿದಳು.

ಮೂರನೆಯ ಸಲ ಇಳಿಯುವಾಗ ಭಾವ ಫೋನು ತೆಗೆದು, ಕೊಳ್ಳಲು ಬರುವವರಿಗೆ ಬರಬೇಡಿ ಎಂದ. ಅವರೇನೋ ಕೇಳಿದರು. ಭಾವ ತಾಯಿಯ ಕಡೆ, ಆಮೇಲೆ ತಿರುವಿನ ಕಡೆ ನೋಡಿ, ಇನ್ನೊಂದು ಕೈಯಲ್ಲಿ ಸೀಟು ಗಟ್ಟಿಯಾಗಿ ಹಿಡಿದುಕೊಂಡ.

"ಕಾರು ತೋರ್ಸೋಣ ಅಂದ್ರೆ ಅದು ಮನೆ ಹತ್ರ ನಿಲ್ತಾನೇ ಇಲ್ಲ ಸ್ವಾಮಿ," ಎಂದು ಹೇಳಿದ.