ಬಿಸಿಲಿಗೆ ಹಿಡಿದ ಹಸಿರು ಪಾಕೀಟು

ಹನ್ನೊಂದರ ಬಸ್ಸಿಗೆ ಮುಧೋಳದಿಂದ ಬೀಗತಿ ಬರುವವಳಿದ್ದಳು. ಅಷ್ಟರೊಳಗೆ ಭಾಗವ್ವ ಮಾರ್ಟಿಗೆ ಹೋಗಿ ಬರಬೇಕಿತ್ತು.

ಬನಹಟ್ಟಿಯಲ್ಲಿ ಆ ಮಾರ್ಟು ಶುರುವಾಗಿ ಎರಡು ವರ್ಷ. ಅದರ ಹೊಸ್ತಿಲು ತುಳಿಯದವಳು ಊರಲ್ಲಿ ಅವಳೊಬ್ಬಳೇ ಇರಬೇಕು. "ಮೂಸಿ ನೋಡಾಕ ಬರಂಗಿಲ್ಲ, ಒಂದು ಕಾಳು ಬಾಯಾಗ ಹಾಕ್ಕೊಂಡು ನೋಡಾಕ ಬರಂಗಿಲ್ಲ, ಅದೆಂಥಾ ಅಂಗಡಿ?" ಎನ್ನುತ್ತಿದ್ದಳು. ಸೊಸೆ ಶ್ರೀದೇವಿಗೆ ಉಪ್ಪಿನಿಂದ ಹಿಡಿದು ಊದಿನಕಡ್ಡಿಯವರೆಗೆ ಎಲ್ಲವೂ ಅಲ್ಲಿಂದಲೇ ಬರಬೇಕು.

ಜಗಳ ಹುಟ್ಟಿದ್ದೂ ಅದರಿಂದಲೇ. ಎರಡು ತಿಂಗಳ ಹಿಂದೆ ಶ್ರೀದೇವಿ ಒಂದು ಹಿಟ್ಟಿನ ಪಾಕೀಟು ತಂದಳು. ಮನೆಯಲ್ಲಿ ಜೋಳದ ಚೀಲ ಇರುವಾಗ ಕೊಂಡ ಹಿಟ್ಟು! ಅವತ್ತು ಓಣಿಯಲ್ಲಿ ನೇಯುವ ನೂಲು ಉದ್ದಕ್ಕೆ ಚಾಚಿ, ಗಂಜಿ ಹಚ್ಚಲು ಹೆಂಗಸರೆಲ್ಲ ಸೇರಿದ್ದರು. ಭಾಗವ್ವ ಪಾಕೀಟು ಹರಿದು, ಕುದಿಯುವ ಗಂಜಿಯ ಪಾತ್ರೆಗೆ ಪೂರಾ ಸುರಿದಳು.

"ಇದು ನೂಲಿಗೆ ಹಚ್ಚಾಕ ಲಾಯಕ್ಕೈತಿ, ಹೊಟ್ಟಿಗಲ್ಲ."

ಓಣಿಯ ಲಗಮವ್ವ ಮೊದಲಾಗಿ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. "ಅತ್ತಿ, ಅದನ್ನ ನಾ..." ಎಂದು ಶ್ರೀದೇವಿ ಬಾಯಿ ತೆರೆದಳು. "ಸುಮ್ಕಿರವಾ, ನಿನ್ನ ಶ್ಯಾಣೆತನ ನನಗ ಬ್ಯಾಡ" ಎಂದು ಭಾಗವ್ವ ಅಲ್ಲಿಗೇ ಕತ್ತರಿಸಿದಳು. ಮರುದಿನ ಶ್ರೀದೇವಿ ಮೂರು ವರ್ಷದ ಮಗಳು ಸ್ನೇಹಾಳನ್ನು ಎತ್ತಿಕೊಂಡು ತವರಿಗೆ ಹೋದಳು.

ಇವತ್ತು ಅವಳು ತಾಯಿ ರತ್ನಾಬಾಯಿಯೊಂದಿಗೆ ಬರುವುದು ಒಂದು ತೀರ್ಮಾನಕ್ಕೆ. ಮಗ ಮಲ್ಲಿನಾಥ ಬೆಳಿಗ್ಗೆಯೇ ಹೇಳಿದ್ದ: "ಅವ್ವಾ, ಇವತ್ತ ಮಾತು ಕೆಟ್ರ ಅವರು ಆಕೀ ಬಟ್ಟಿ-ಬರಿ ಕಟಗೊಂಡು ಹೋಗಾವ್ರ. ಮತ್ತ ಸ್ನೇಹಾನ ಮುಖಾ ನಾವು ಫೋನಿನ್ಯಾಗ ನೋಡೂದು ಅಷ್ಟ."

ಭಾಗವ್ವನಿಗೆ ಹೊಳೆದದ್ದು ಒಂದೇ. ಸೊಸೆ ಅಡುಗೆಮನೆಗೆ ಕಾಲಿಟ್ಟರೆ ಅದೇ ಹಿಟ್ಟು ಡಬ್ಬಿಯಲ್ಲಿ ಕಾಣಬೇಕು. ಹೆಸರು ಗೊತ್ತಿಲ್ಲ, ಓದಲು ಬಾರದು. ಆದರೆ ನೇಕಾರರ ಮನೆಯಲ್ಲಿ ತುಂಡು ಎಸೆಯುವ ರೂಢಿಯಿಲ್ಲ. ಆ ಪಾಕೀಟಿನದೊಂದು ತುಂಡು ಅವಳ ಎಲೆ-ಅಡಿಕೆ ಚೀಲದಲ್ಲಿ ಅಡಿಕೆ ಸುತ್ತಿಕೊಂಡು ಕೂತಿತ್ತು. ಗಿಳಿ ಹಸಿರು, ಅಂಚಿಗೆ ಲಿಂಬಿ ಹಳದಿ.

ಮಾರ್ಟಿನಲ್ಲಿ ಹಸಿರು ಪಾಕೀಟು ನಾಲ್ಕು ತರದವು ಇದ್ದವು. ಟ್ಯೂಬ್‌ಲೈಟಿನಡಿ ನಾಲ್ಕೂ ಒಂದೇ ತಾಯಿಯ ಮಕ್ಕಳಂತೆ ಕಂಡವು. ತೀರಿಹೋದ ಗಂಡ ಮಲಕಾಜಪ್ಪನ ಮಾತು ನೆನಪಾಯಿತು. ಮದುವೆಯಾದ ಹೊಸದರಲ್ಲಿ ಅವಳು ದೀಪದ ಬೆಳಕಿನಲ್ಲಿ ಸೆರಗಿನ ನೂಲು ಹೊಂದಿಸಿ, ಇಡೀ ಸೀರೆ ಕೆಟ್ಟಿತ್ತು. "ದೀಪ ಸುಳ್ಳ ಹೇಳತೈತಿ. ಬಣ್ಣ ನೋಡೂದಾದ್ರ ಬಿಸಲಿಗಿ ಹಿಡಿ" ಎಂದಿದ್ದ. ನಲವತ್ತೈದು ವರ್ಷ ಅವಳು ಆ ಮಾತು ಮೀರಿರಲಿಲ್ಲ.

ನಾಲ್ಕೂ ಪಾಕೀಟು ಉಡಿಯಲ್ಲಿ ಹಾಕಿಕೊಂಡು ಸೀದಾ ಬಾಗಿಲು ದಾಟಿ, ಬಿಸಿಲಿಗೆ ಹೋಗಿ ನಿಂತಳು.

ತುಂಡನ್ನು ಇನ್ನೂ ಹಿಡಿದಿರಲಿಲ್ಲ. ಕಾವಲಿನವನು ಬಂದು ರಟ್ಟೆ ಹಿಡಿದ.

"ಏ ಮುದುಕಿ! ಬಿಲ್ ಎಲ್ಲೈತಿ?"

"ಬಣ್ಣ ನೋಡಾಕ ಬಂದೇನೋ ತಮ್ಮಾ."

"ಹಿಟ್ಟಿನ ಬಣ್ಣ ನೋಡ್ತಾಳಂತ! ಎಲ್ಲಾರೂ ಹಿಂಗ ಹೇಳತಾರ."

ಜನ ನಿಂತರು. ಯಾರೋ ಮೊಬೈಲು ಎತ್ತಿ ಹಿಡಿದ. ಭಾಗವ್ವ ರಸ್ತೆಯ ಕಡೆ ತಿರುಗಿ ನೋಡಿದಳು. ಬಸ್ಸಿನಿಂದ ಇಳಿಯುವ ಬೀಗತಿ ಇದನ್ನೇ ಕಂಡರೆ? ಎದುರಿಗೇ ಬಸ್ ಸ್ಟ್ಯಾಂಡು.

"ಬಿಡೋ ಆಕೀನ!" ಒಳಗಿನಿಂದ ತಾರವ್ವ ಓಡಿ ಬಂದಳು. ಒಂದು ಕಾಲಕ್ಕೆ ಭಾಗವ್ವನ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದವಳು, ಈಗ ಮಾರ್ಟಿನ ಕೆಂಪು ಕೋಟು ಹಾಕಿಕೊಂಡು ಸಾಮಾನು ಜೋಡಿಸುತ್ತಾಳೆ. "ಕಳವು ಮಾಡಾಕಿ ಗೋಡಂಬಿ ಬಿಟ್ಟು ಹಿಟ್ಟ ಒಯ್ತಾಳೇನೋ ಖೋಡಿ? ಭಾಗಕ್ಕ, ನಿನಗೇನ ಬೇಕಿತ್ತು?"

ಭಾಗವ್ವ ತುಂಡು ಚಾಚಿದಳು. "ನನ್ನ ಸೊಸಿ ತಂದಿದ್ದ ಹಿಟ್ಟು."

ತಾರವ್ವ ನಾಲ್ಕರಲ್ಲಿ ಒಂದನ್ನು ಆರಿಸಿದಳು. "ಇದ ನೋಡು. ಅವತ್ತು ಇಲ್ಲೇ ಅರ್ಧಾ ತಾಸು ನಿಂತು ಹಿಂದ-ಮುಂದ ಓದ್ಯಾಳ ಆಕಿ. 'ಅತ್ತೀಗಿ ಸಕ್ಕರಿ ಬ್ಯಾನಿ ಏರೇತಿ, ರೊಟ್ಟಿ ಬಿಡು ಅಂದ್ರ ಕೇಳಂಗಿಲ್ಲ, ಈ ಹಿಟ್ಟಿಲೆ ರೊಟ್ಟಿ ಬರ್ತಾವೇನ್ರಿ' ಅಂತ ನನ್ನ ಕೇಳಿದ್ಲು. ಉಂಡೀಯಿಲ್ಲೋ?"

ಭಾಗವ್ವ ತುಂಡನ್ನು ಪಾಕೀಟಿನ ಪಕ್ಕ ಹಿಡಿದಳು. ಬಿಸಿಲಲ್ಲಿ ತುಂಡೂ ಪಾಕೀಟೂ ಒಂದೇ ಬಣ್ಣವಾಗಿದ್ದವು.

ಅದರ ರೊಕ್ಕ ಕೊಟ್ಟು ಮನೆಗೆ ಬಂದು ಹೋಳಿಗೆ ಬೇಯಿಸಿದಳು. ಪಕ್ಕದ ಒಲೆಯಲ್ಲಿ ತನಗೆಂದು ಆ ಹಿಟ್ಟಿನ ರೊಟ್ಟಿ ಬಡಿದಳು. ಜೋಳದ ಹಿಟ್ಟಿನಂತೆ ಕುದಿನೀರಲ್ಲಿ ಕಲಸಿದ್ದಕ್ಕೋ ಏನೋ, ರೊಟ್ಟಿ ಹಂಚಿಗೆ ಅಂಟಿ ಹರಿಯಿತು. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಸದ್ದು.

ರತ್ನಾಬಾಯಿ ಒಳಗೆ ಬಂದು ಕೂತಳು. ಶ್ರೀದೇವಿ ಹೊಸ್ತಿಲಲ್ಲೇ ನಿಂತಳು, ಕೈಯಲ್ಲಿ ಖಾಲಿ ಚೀಲ. ಬಟ್ಟೆ ತುಂಬಲು ತಂದ ಚೀಲ ಎಂದು ಭಾಗವ್ವನಿಗೆ ನೋಡುತ್ತಲೇ ತಿಳಿಯಿತು. ಸ್ನೇಹಾ "ಆಯೀ" ಎಂದು ಅಜ್ಜಿಯ ಕಡೆ ಓಡಿ ಬರಲು ಹೋದರೆ ಶ್ರೀದೇವಿ ಅಂಗಿ ಹಿಡಿದು ನಿಲ್ಲಿಸಿದಳು.

ಮಲ್ಲಿನಾಥ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟ. ರತ್ನಾಬಾಯಿ ಮುಟ್ಟಲಿಲ್ಲ.

"ಮೊದಲ ಮಾತು ಮುಗೀಲಿ ಬೀಗತೇರ, ಆಮ್ಯಾಲ ನೀರು. ಆ ಹಿಟ್ಟು ಯಾರ ಸಲುವಾಗಿ ತಂದಿದ್ಲು ಗೊತ್ತೈತೇನ್ರಿ ನಿಮಗ?"

ಗೊತ್ತಿರಲಿಲ್ಲ ಎನ್ನಬಹುದಿತ್ತು. ಅದು ಖರೆಯೂ ಹೌದು. ಮಲ್ಲಿನಾಥ ಅದನ್ನೇ ಹೇಳು ಎಂಬಂತೆ ತಾಯಿಯ ಮುಖ ನೋಡಿದ.

"ಆಕಿ ಹೇಳಾಕ ಬಂದಿದ್ಲು" ಎಂದಳು ಭಾಗವ್ವ. "ನಾನೇ ಹೇಳಗೊಡಲಿಲ್ಲ. ತಪ್ಪಾತ್ರಿ."

ರತ್ನಾಬಾಯಿ ತಲೆಯಾಡಿಸಿದಳು. "ನೀವು ಓಣಿ ಮುಂದ ಆಡಿದ ಮಾತು, ಒಲಿ ಮುಂದ ಮುಗೀತೈತೇನ್ರಿ?"

ಹೊರಗೆ ಓಣಿಯಲ್ಲಿ ಇವತ್ತೂ ನೂಲು ಚಾಚಿದ್ದರು. ಅದೇ ಹೆಂಗಸರು, ಅದೇ ನಗೆ. ಭಾಗವ್ವ ಎದ್ದು ಒಳಗೆ ಹೋದಳು. ಹರಿದ ರೊಟ್ಟಿಯ ತಾಟು ಹಿಡಿದು, ಸೊಸೆಯ ಪಕ್ಕದಿಂದ ಹೊಸ್ತಿಲು ದಾಟಿ, ಕಟ್ಟೆಯ ಮೇಲೆ ಕೂತಳು.

"ಲಗಮವ್ವಾ, ಕೇಳ್ರೆವಾ ಎಲ್ಲಾರೂ" ಎಂದಳು. "ಅವತ್ತು ಗಂಜಿಗಿ ಸುರುವಿದ್ನಲ್ಲಾ, ಆ ಹಿಟ್ಟು ನನ್ನ ಬ್ಯಾನಿಗಂತ ನನ್ನ ಸೊಸಿ ತಂದಿದ್ದು. ನಕ್ಕವರು ನೀವು, ನಗಿಸಿದಾಕಿ ನಾ. ಈಗ ನೋಡ್ರಿ."

ಒಂದು ತುತ್ತು ಬಾಯಿಗಿಟ್ಟಳು. ಗಂಜಿ ಹಚ್ಚುವ ಕೈಗಳು ನಿಂತವು. ಯಾರೂ ನಗಲಿಲ್ಲ. ಲಗಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡಿದಳು. ರೊಟ್ಟಿ ಹಸಿ ಇತ್ತು. ಭಾಗವ್ವ ಎರಡನೆಯ ತುತ್ತು ಮುರಿದಳು.

ಹಿಂದಿನಿಂದ ಒಂದು ಕೈ ಬಂದು ತಾಟು ಎಳೆದುಕೊಂಡಿತು.

"ಕುದಿನೀರಾಗ ಕಲಸೀರೇನು?" ಶ್ರೀದೇವಿಯ ದನಿಯಲ್ಲಿ ಇನ್ನೂ ಸಿಟ್ಟಿತ್ತು. "ಇದನ್ನ ತಣ್ಣೀರಾಗ ಕಲಸಿ ತಾಸು ಬಿಡಬೇಕ್ರಿ ಅತ್ತಿ. ಪಾಕೀಟಿನ ಮ್ಯಾಲೇ ಬರದಾರ."

"ನನಗೆಲ್ಲಿ ಓದಾಕ ಬರತೈತಿ?"

"ಅದಕ್ಕ ಕೇಳಬೇಕು."

ತಾಟು ಹಿಡಿದು ಅವಳು ಒಳಗೆ ಹೋದಳು. ತಾಯಿ ಅಂಗಿ ಬಿಟ್ಟ ಕೂಡಲೇ ಸ್ನೇಹಾ ಬಂದು ಅಜ್ಜಿಯ ತೊಡೆಯೇರಿದಳು. ತಾಟಿಗೆ ಕೈ ಹಾಕುವಾಗ ಬಿಟ್ಟ ಖಾಲಿ ಚೀಲ ಹೊಸ್ತಿಲ ಮೇಲೆ ಹಾಗೇ ಬಿದ್ದಿತ್ತು. ಅದನ್ನು ದಾಟುವಾಗ ಶ್ರೀದೇವಿ ಕೆಳಗೂ ನೋಡಲಿಲ್ಲ.

ಒಳಗೆ ಹಿಟ್ಟಿನ ಡಬ್ಬಿ ತೆಗೆದ ಸದ್ದಾಯಿತು. ರತ್ನಾಬಾಯಿ ನೀರಿನ ತಂಬಿಗೆ ಎತ್ತಿದಳು.