ಎಡಗೈ ಎತ್ತಿದವಳನ್ನು ಕೇಳಿದ ಪಾಠ

ಹೋದ ವರ್ಷ ಮದ್ದೂರಿನ ಕಡೆಯ ಒಂದು ಬಿ.ಎಡ್. ಕಾಲೇಜಿನವರು ವಿದ್ಯಾರ್ಥಿಗಳು ಮಕ್ಕಳಿಗೆ ಪಾಠ ಮಾಡಿ ತೋರಿಸುವ ಕೊನೆಯ ಪಾಠಪರೀಕ್ಷೆಗೆ ಎಗ್ಸಾಮಿನರ್ ಆಗಿ ನನ್ನನ್ನು ಕರೆದರು. ರಿಟೈರಾಗಿ ಗುತ್ತಲಿನ ಮನೆಯಲ್ಲಿ ಕೂತವಳಿಗೆ ಕ್ಲಾಸ್‌ರೂಮಿನ ಗದ್ದಲ ಕೇಳುವ ಆಸೆ, ಹೊರಟೆ. ಗೊತ್ತಿಲ್ಲದಿದ್ದರೆ ಎದ್ದು ನಿಂತು "ಐ ಡೋಂಟ್ ನೋ, ಸಿಸ್ಟರ್" ಅನ್ನುವುದನ್ನು ಕಾನ್ವೆಂಟಿನಲ್ಲಿ ಕಲಿತು ಬೆಳೆದವಳು ನಾನು.

ಹೋಗಿ ನೋಡಿದರೆ ಮಾರ್ಕ್ಸ್ ಶೀಟಿನಲ್ಲಿ ಅಂಕಗಳು ಆಗಲೇ ಪೆನ್ಸಿಲಿನಲ್ಲಿ ಕೂತಿದ್ದವು. "ಅದರ ಮ್ಯಾಲೆ ಇಂಕಲ್ಲಿ ತಿದ್ದಿ ಸೈನ್ ಆಕ್ಬುಡಿ ಮೇಡಮ್, ಬಾಡೂಟ ರೆಡಿ ಐತೆ" ಎಂದರು ಪ್ರಿನ್ಸಿಪಾಲರು.

ಪಕ್ಕದ ಶಾಲೆಯ ಮಕ್ಕಳನ್ನು ಕರೆತಂದು ಕೂರಿಸಿದ್ದರು. ಯಾವ ಪ್ರಶ್ನೆ ಕೇಳಿದರೂ ಇಡೀ ಕ್ಲಾಸು ಕೈ ಎತ್ತುತ್ತಿತ್ತು. ವಾಹ್, ಬ್ರೈಟ್ ಚಿಲ್ಡ್ರನ್, ಅಂದುಕೊಂಡೆ.

ಆಮೇಲೆ ಸೋಮನಹಳ್ಳಿಯ ಮೆಕ್ಯಾನಿಕ್ ಒಬ್ಬರ ಮಗಳು ಭಿನ್ನರಾಶಿ ಪಾಠಕ್ಕೆ ನಿಂತಳು. ಅರ್ಧ ದೊಡ್ಡದೋ ಮೂರನೇ ಒಂದು ದೊಡ್ಡದೋ ಎಂದು ಕೇಳಿ, ಮೂಲೆಯ ಹುಡುಗಿಯತ್ತ ಬೆರಳು ತೋರಿಸಿದಳು. ಅದು ಗಾಬರಿಯಿಂದ, "ಮಿಸ್, ನಾನು ಎಡಗೈ ಎತ್ತಿರದು ಕನ್ ಮಿಸ್!" ಎಂದಿತು.

"ಸುಮ್ಕಿರಮ್ಮಿ, ಅವ್ರು ಕೂತವ್ರೆ!" ಎಂದು ಪಕ್ಕದವಳು ನನ್ನ ಕಡೆ ಕಣ್ಣು ತೋರಿಸಿ ತಿವಿದಳು.

"ನಂಗೊತ್ತು ಕಣಮ್ಮ. ಅದ್ಕೇ ನಿನ್ನ ಕೇಳಿದ್ದು" ಎಂದಳು ಮೆಕ್ಯಾನಿಕ್ ಮಗಳು.

ಗೊತ್ತಿದ್ದರೆ ಬಲಗೈ, ಗೊತ್ತಿಲ್ಲದಿದ್ದರೆ ಎಡಗೈ. ಹಾಗೆಂದು ಮಕ್ಕಳಿಗೆ ತಾಲೀಮು ಕೊಟ್ಟಿದ್ದರು! ಛೀ, ಅಂದುಕೊಂಡೆ. ಅವಳು ಮಾತ್ರ ಎರಡು ಕಾಗದ ಮಡಚಿ, ಹರಿದು, ಆ ಮಗುವಿನ ಕೈಗಿಟ್ಟು, ಅದರ ಬಾಯಿಂದಲೇ ಉತ್ತರ ಬರುವವರೆಗೆ ಕಾದಳು. ಅಂದು ನಾನು ನೋಡಿದ ಪಾಠ ಅದೊಂದೇ.

ಪ್ರಿನ್ಸಿಪಾಲರು ರಬ್ಬರು ತೆಗೆದು ಅವಳ ಅಂಕ ಅಳಿಸಿದರು. "ಮಾನ ಕಳದ್ಬುಟ್ಲು. ಮುಂದಿನ್ ವರ್ಸ ಬರ್ಲಿ." ಟಿ.ಇ.ಟಿ. ಪಾಸಾಗಿ ಕೂತ ಹುಡುಗಿ. ಇಲ್ಲಿ ಫೇಲಾದರೆ ಈ ಸಲ ಟೀಚರ್ ಕೆಲಸಕ್ಕೆ ಅರ್ಜಿಯನ್ನೇ ಹಾಕುವಂತಿಲ್ಲ.

"ಹಾಗಾದರೆ ನಾನು ಯಾರದ್ದಕ್ಕೂ ಸೈನ್ ಮಾಡೋದಿಲ್ಲ" ಎಂದೆ.

ಅವರು ನಕ್ಕರು. "ಅವಳ್ದು ನೀವೇ ಆಕ್ಕಳಿ ಮೇಡಮ್. ಮಿಕ್ಕಿದ್ದು ಮುಟ್ಬ್ಯಾಡಿ."

ಅವಳಿಗೆ ಫುಲ್ ಮಾರ್ಕ್ಸ್ ಹಾಕಿದೆ. ಉಳಿದ ಪೆನ್ಸಿಲ್ ಅಂಕಗಳ ಮೇಲೆಲ್ಲ ಇಂಕು ಎಳೆದೆ, ಆ ದಿನ ಕಾಲೇಜಿಗೇ ಬಾರದ ಇಬ್ಬರದ್ದೂ ಸೇರಿಸಿ. ಅವರೂ ಈಗ ಮಂಡ್ಯದಲ್ಲೋ ಮಳವಳ್ಳಿಯಲ್ಲೋ ಮಕ್ಕಳ ಮುಂದೆ ನಿಂತಿರುತ್ತಾರೆ, ನನ್ನ ಸಹಿಯ ಬಲದಿಂದ.